ಪ್ಲಗ್‌ಇನ್: ಹಣ ಕೊಟ್ಟವರೆಲ್ಲರೂ ಒಡೆಯರಲ್ಲ

ಬೇತಮಂಗಲದ ಪಾಲಾರ್ ಕೆರೆಯ ನೀರು ಕೋಲಾರ ಚಿನ್ನದ ಗಣಿ ಪ್ರದೇಶದ ದಾಹ ತಣಿಸಿದ ಕಾಲದಲ್ಲಿ, ಕೊಳವೆಯೊಳಗಿನ ಒತ್ತಡವನ್ನು ಮಾಪಕದ ಮುಳ್ಳು ನೋಡಿಯೇ ಅರಿಯಬೇಕಾಗಿತ್ತು. ಇಂದು ಅಂತಹ ಒತ್ತಡದ ಏರಿಳಿತವನ್ನು ಗಣಕಯಂತ್ರದ ಪರದೆಯ ಮೇಲೆ ಬಣ್ಣಗಳಲ್ಲಿಯೇ ಕಾಣಬಹುದಾಗಿದೆ. ಲೆಕ್ಕಾಚಾರದ ಅಂಕಿಗಳನ್ನು ಹೀಗೆ ಚಿತ್ರವಾಗಿಸುವ ತಂತ್ರಾಂಶಗಳಲ್ಲಿ ‘ಪ್ಯಾರಾವ್ಯೂ’ ಪ್ರಮುಖವಾದುದು. ಅಮೆರಿಕದ ಕಿಟ್‌ವೇರ್ ಸಂಸ್ಥೆ ಹಾಗೂ ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯದ ಸಹಯೋಗದಲ್ಲಿ 2000ರಲ್ಲಿ ಆರಂಭಗೊಂಡ ಇದು 2002ರಲ್ಲಿ ಸಾರ್ವಜನಿಕರಿಗೆ ದೊರೆಯಿತು. ಇದಕ್ಕೆ ಪರವಾನಗಿ ಶುಲ್ಕವಿಲ್ಲ.

ಪಂಪು, ಕವಾಟ ಅಥವಾ ಎರಕದ ಬಿಡಿಭಾಗ ತಯಾರಿಸುವ ಘಟಕದ ವಿಶಿಷ್ಟ ಕಡತವನ್ನು ಮೂಲ ತಂತ್ರಾಂಶವು ಓದಲಾರದೆ ಹೋಗಬಹುದು. ಆಗ ಅದಕ್ಕೆ ಜೋಡಿಸುವ ಪೂರಕ ತುಣುಕೇ ಪ್ಲಗ್‌ಇನ್. ಇದನ್ನು ಎರಡು ಬಗೆಯಲ್ಲಿ ರಚಿಸಬಹುದು. ಸಿ++ ಭಾಷೆಯಲ್ಲಿ ಬರೆದುದನ್ನು ಯಂತ್ರಭಾಷೆಗೆ ಪರಿವರ್ತಿಸಬೇಕು. ಪೈಥಾನ್ ಭಾಷೆಯಲ್ಲಿ ಬರೆದ ಕಡತಕ್ಕೆ ಈ ಹಂತ ಬೇಕಿಲ್ಲ. ‘ಟೂಲ್ಸ್’ ಪಟ್ಟಿಯಲ್ಲಿ ‘ಮ್ಯಾನೇಜ್ ಪ್ಲಗ್‌ಇನ್ಸ್’ ತೆರೆದು, ‘ಲೋಡ್ ನ್ಯೂ’ ಒತ್ತಿ ಕಡತವನ್ನು ಆರಿಸಿದರೆ ಅದು ಸೇರಿಕೊಳ್ಳುತ್ತದೆ. ‘ಆಟೋ ಲೋಡ್’ ಗುರುತು ಹಾಕಿದರೆ ಪ್ರತಿ ಬಾರಿಯೂ ತಾನಾಗಿಯೇ ಬರುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಸಿ++ ಪ್ಲಗ್‌ಇನ್ ಯಾವ ಆವೃತ್ತಿಗಾಗಿ ಸಿದ್ಧವಾಯಿತೋ ಆ ಆವೃತ್ತಿಯಲ್ಲಿಯೇ ಬಳಸತಕ್ಕದ್ದು. ತಂತ್ರಾಂಶವನ್ನು ನವೀಕರಿಸಿದಾಗ ಪ್ಲಗ್‌ಇನ್ ಅನ್ನೂ ಮತ್ತೆ ಸಿದ್ಧಪಡಿಸಬೇಕಾಗುತ್ತದೆ. ಆದುದರಿಂದ ಶುಲ್ಕರಹಿತವೆಂದರೆ ಖರ್ಚುರಹಿತವೆಂದಲ್ಲ. ಎರಡನೆಯದಾಗಿ, ಅಪರಿಚಿತರ ಪ್ಲಗ್‌ಇನ್ ಸೇರಿಸುವುದೆಂದರೆ ಅಪರಿಚಿತರ ಆಜ್ಞೆಗಳನ್ನು ತಮ್ಮ ಗಣಕದಲ್ಲಿ ನಡೆಯಲು ಬಿಟ್ಟಂತೆ. ಲೆಕ್ಕಪತ್ರ, ನಕ್ಷೆಗಳಿರುವ ಗಣಕದಲ್ಲಿ ಇದು ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದುದು ಒಡೆತನದ ಪ್ರಶ್ನೆ. 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಗಣಕ ಕ್ರಮವಿಧಿಯೂ ಸಾಹಿತ್ಯಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ. ಸಂಬಳದ ನೌಕರನು ಕರ್ತವ್ಯದ ಭಾಗವಾಗಿ ಬರೆದುದಕ್ಕೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 17ನೇ ಕಲಮಿನಂತೆ ಮಾಲೀಕನೇ ಪ್ರಥಮ ಒಡೆಯ. ಆದರೆ ಹೊರಗಿನ ತಂತ್ರಜ್ಞನಿಗೆ ಗುತ್ತಿಗೆ ಕೊಟ್ಟು ಬರೆಸಿದಲ್ಲಿ, ಸಾಮಾನ್ಯವಾಗಿ ಬರೆದವನೇ ಒಡೆಯ. ಪೂರ್ಣ ಹಣ ಪಾವತಿಸಿದ ರಸೀದಿ ಹಕ್ಕುಪತ್ರವಾಗದು. 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿಯೂ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ.

ವರ್ಷಗಳ ಅನುಭವದಿಂದ ದಕ್ಕಿದ ತಯಾರಿಕೆಯ ಮರ್ಮವನ್ನು ಪ್ಲಗ್‌ಇನ್‌ಗೆ ಇಳಿಸಿ, ಅದೇ ತುಣುಕು ನಾಳೆ ಪ್ರತಿಸ್ಪರ್ಧಿಯ ಕೈಸೇರಿದರೆ ಆಗುವ ನಷ್ಟಕ್ಕೆ ಲೆಕ್ಕಪುಸ್ತಕದಲ್ಲಿ ಖಾತೆಯಿಲ್ಲ. ಆದ್ದರಿಂದ ಹಕ್ಕಿನ ವರ್ಗಾವಣೆ, ಅವಧಿ, ಪ್ರದೇಶ, ಗೋಪ್ಯತೆ, ಮೂಲಸಂಕೇತದ ಹಸ್ತಾಂತರ ಹಾಗೂ ಮುಂದಿನ ಆವೃತ್ತಿಗಳಿಗೆ ಹೊಂದಿಸಿಕೊಡುವ ಹೊಣೆ, ಇವಿಷ್ಟನ್ನೂ ಮುಂಗಡ ಕೊಡುವ ಮುನ್ನವೇ ಕರಾರಿನಲ್ಲಿ ಬರೆಸಿಕೊಳ್ಳುವುದು ಉದ್ಯಮಿಗಳಿಗೆ ಶ್ರೇಯಸ್ಕರ.