ಮಗುವಿನ ಕ್ರೋಶಾ ಜಾಕೆಟ್: ನೂಲಿಗೆ ಲೆಕ್ಕವಿದೆ, ಗಂಟೆಗೆ ಲೆಕ್ಕವಿಲ್ಲ

ತೊಟ್ಟಿಲು ಹಾಕುವ ಶಾಸ್ತ್ರಕ್ಕೆ ಉಡುಗೊರೆ ಕೊಳ್ಳಲು ಬಂದ ಗಿರಾಕಿಯ ಮುಂದೆ ಕೈಹೆಣಿಗೆಯ ಜಾಕೆಟ್ಟೊಂದನ್ನು ಬಿಡಿಸಿಟ್ಟರೆ ಕೇಳಿಬರುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಇದಕ್ಕೆ ಉಲ್ಲನ್ ಎಷ್ಟು ಹಿಡಿದೀತು?" ಗಾಂಧಿ ಬಜಾರಿನ ವರ್ತಕರಿಗೂ ಭದ್ರಾವತಿಯ ಬಿ.ಎಚ್. ರಸ್ತೆಯ ವರ್ತಕರಿಗೂ ಈ ಪ್ರಶ್ನೆ ಹೊಸದಲ್ಲ. ಆಶ್ಚರ್ಯದ ಸಂಗತಿಯೆಂದರೆ, ಹೆಣೆದು ತಂದ ಗೃಹಿಣಿಯೂ ಬೆಲೆ ಹೇಳುವಾಗ ಇದೇ ಲೆಕ್ಕವನ್ನು ಹಿಡಿಯುತ್ತಾಳೆ. ನೂಲಿನ ಬೆಲೆಯ ಮೇಲೆ ಅಂದಾಜಿನಲ್ಲಿ ಒಂದಿಷ್ಟು ಸೇರಿಸಿದರೆ ಅವಳ ದರಪಟ್ಟಿ ಮುಗಿಯಿತು.

ಭದ್ರಾವತಿಯ ಮಟ್ಟಿಗೆ ಈ ಲೆಕ್ಕ ಕೇವಲ ಹವ್ಯಾಸದ ಪ್ರಶ್ನೆಯಾಗಿ ಉಳಿದಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಹಾಗೂ 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಗಳ ಸಂಬಳದ ಮೇಲೆ ಬೆಳೆದ ಪಟ್ಟಣವಿದು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾಗಿ, ಅದೇ ವರ್ಷ ಕೆಲಸ ಭಾಗಶಃ ಮತ್ತೆ ಆರಂಭವಾಯಿತು. ತಿಂಗಳ ಸಂಬಳ ನಿಶ್ಚಿತವಾಗಿದ್ದಾಗ ಕೈಗೆಲಸವು ಬಿಡುವಿನ ಸಂಗತಿ. ಸಂಬಳ ನಿಂತ ಮನೆಯಲ್ಲಿ ಅದೇ ಕೆಲಸ ದಿನಸಿ ಅಂಗಡಿಯ ಬಾಕಿಗೆ ಒದಗಬೇಕಾಗುತ್ತದೆ.

ಮೊದಲಿಗೆ ವಸ್ತುವಿನ ವಿಚಾರ. ಹಳೆಯ ಕಾಲದ ಮಾದರಿಯ ಮಕ್ಕಳ ಜಾಕೆಟ್ ಎಂದರೆ ಕುತ್ತಿಗೆಯ ಸುತ್ತ ದುಂಡನೆಯ ಯೋಕ್, ಅದರ ಕೆಳಗೆ ನೆರಿಗೆಯಂತೆ ಅಗಲವಾಗುವ ಮೈಭಾಗ, ಅಂಚಿಗೆ ಚಿಪ್ಪಿನಾಕಾರದ ಹೆಣಿಗೆ, ಮುಂಭಾಗದಲ್ಲಿ ಸ್ಯಾಟಿನ್ ರಿಬ್ಬನ್ ಅಥವಾ ಸಣ್ಣ ಗುಂಡಿಗಳು. ಕುತ್ತಿಗೆಯ ಬಳಿ ಸರಪಳಿ ಹೆಣಿಗೆಯಿಂದ ಆರಂಭಿಸಿ ಮೇಲಿನಿಂದ ಕೆಳಕ್ಕೆ ಹೆಣೆಯುತ್ತಾ ಬಂದರೆ, ಮಗು ಬೆಳೆದಾಗ ಕೆಳಗೆ ಇನ್ನೆರಡು ಸಾಲು ಸೇರಿಸಬಹುದು. ಕೊಂಡವರಿಗೆ ಇದೊಂದು ಲಾಭವಾದರೂ ಮಾರುವವರು ಇದನ್ನು ಹೇಳುವುದೇ ಇಲ್ಲ. ಎರಡು ವರ್ಷದ ಮಗುವಿನ ಎದೆಯಳತೆ ಸುಮಾರು 53 ಸೆಂಟಿಮೀಟರ್. ಒಳಗೊಂದು ಅಂಗಿ ಇರುವುದರಿಂದ ಜಾಕೆಟ್ಟನ್ನು 58 ಸೆಂಟಿಮೀಟರಿಗೆ ಹೆಣೆಯುವುದು ಅನುಕೂಲ.

ಹಳೆಯ ನಮೂನೆ ಪುಸ್ತಿಕೆಗಳನ್ನು ಹಿಡಿದು ಆರ್ಡರ್ ಕೊಡುವವರು ಒಂದು ತೊಡಕನ್ನು ಅರಿತಿರಬೇಕು. ಬ್ರಿಟಿಷ್ ಪುಸ್ತಿಕೆಯಲ್ಲಿ ಡಬಲ್ ಕ್ರೋಶಾ ಎನ್ನುವುದನ್ನೇ ಅಮೆರಿಕದ ಪುಸ್ತಿಕೆ ಸಿಂಗಲ್ ಕ್ರೋಶಾ ಎನ್ನುತ್ತದೆ. ಬ್ರಿಟಿಷರ ಟ್ರೆಬಲ್ ಅಲ್ಲಿ ಡಬಲ್ ಆಗುತ್ತದೆ. ಕಡ್ಡಿಯ ಹಳೆಯ ಬ್ರಿಟಿಷ್ ಸಂಖ್ಯೆಯಂತೂ ತಲೆಕೆಳಗು: ಅಂಕೆ ದೊಡ್ಡದಾದಷ್ಟೂ ಕಡ್ಡಿ ತೆಳುವಾಗುತ್ತದೆ. 8ನೇ ನಂಬರಿನದು ಇಂದಿನ 4 ಮಿಲಿಮೀಟರ್ ಕಡ್ಡಿ, 9ನೇ ನಂಬರಿನದು ಮೂರೂವರೆ. ಈ ವ್ಯತ್ಯಾಸ ತಿಳಿಯದೆ ಹತ್ತು ಜಾಕೆಟ್ಟುಗಳ ಆರ್ಡರ್ ಕೊಟ್ಟರೆ ಎರಡು ವರ್ಷದ ಮಗುವಿನದು ಆರು ತಿಂಗಳ ಕೂಸಿಗೆ ಹೊಂದುವಂತಾಗಬಹುದು. ಅಂಗೈಯಗಲದ ಒಂದು ತುಣುಕನ್ನು ಮೊದಲು ಹೆಣೆಸಿ, ಅಳೆದು, ಒಪ್ಪಿಗೆ ಕೊಟ್ಟ ಮೇಲೆಯೇ ನೂಲು ಒದಗಿಸುವುದು ಇಬ್ಬರಿಗೂ ಕ್ಷೇಮ.

ಯಂತ್ರದ ಪೈಪೋಟಿಯನ್ನು ಕುರಿತು ಒಂದು ಮಾತು. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಏಕಕಾಲಕ್ಕೆ ಕಡ್ಡಿಯ ಮೇಲಿರುತ್ತವೆ. ಆದುದರಿಂದ ಯಂತ್ರ ಅದನ್ನು ಸುಲಭವಾಗಿ ಅನುಕರಿಸಿತು. ಕ್ರೋಶಾದಲ್ಲಿ ಪ್ರತಿ ಕುಣಿಕೆಯೂ ಪೂರ್ಣಗೊಂಡ ಬಳಿಕವೇ ಮುಂದಿನದು ಆರಂಭವಾಗುತ್ತದೆ ಮತ್ತು ಕೊಕ್ಕೆಯು ಪ್ರತಿ ಬಾರಿ ಬೇರೆ ಬೇರೆ ದಿಕ್ಕಿನಿಂದ ತೂರಬೇಕಾಗುತ್ತದೆ. ಕಾರ್ಖಾನೆಯ ಪ್ರಮಾಣದಲ್ಲಿ ನಿಜವಾದ ಕ್ರೋಶಾ ಉಡುಪನ್ನು ಹೆಣೆಯುವ ಯಂತ್ರ ಇಂದಿಗೂ ಬಳಕೆಗೆ ಬಂದಿಲ್ಲ. ಕ್ರೋಶಾ ಹೆಸರಿನಲ್ಲಿ ಅಗ್ಗವಾಗಿ ಬರುವ ಯಂತ್ರದ ಲೇಸು ಬೇರೆ ಬಗೆಯ ಹೆಣಿಗೆಯ ಅನುಕರಣೆ ಮಾತ್ರ. ನಕಲು ಮಾಡಲಾಗದ ಸರಕು ಎಂದರೆ ವರ್ತಕನಿಗೆ ಭಾಗ್ಯವೇ ಸರಿ. ಹಾಗಿದ್ದೂ ಅದರ ಬೆಲೆ ನೂಲಿನ ಬೆಲೆಗೇ ಅಂಟಿಕೊಂಡಿರುವುದು ವಿಪರ್ಯಾಸ.

ಒಂದು ಲೆಕ್ಕವನ್ನು ಉದಾಹರಣೆಗಾಗಿ ನೋಡಬಹುದು. ನುರಿತ ಕೈಗೂ ಇಂತಹ ಜಾಕೆಟ್ಟಿಗೆ 20 ಗಂಟೆ ಹಿಡಿಯುತ್ತದೆ, ನೂಲು ಮತ್ತು ಗುಂಡಿಗೆ 260 ರೂಪಾಯಿ ಆಗುತ್ತದೆ, ಮಾರಾಟ ಬೆಲೆಯ ಮೂರನೇ ಒಂದು ಪಾಲು ಅಂಗಡಿಗೆ ಸಲ್ಲುತ್ತದೆ ಎಂದಿಟ್ಟುಕೊಳ್ಳೋಣ. 900 ರೂಪಾಯಿಗೆ ಮಾರಿದರೆ ಅಂಗಡಿಯ 300, ಸಾಮಗ್ರಿಯ 260 ಕಳೆದು ಹೆಣೆದವಳಿಗೆ ಉಳಿಯುವುದು 340. ಗಂಟೆಗೆ 17 ರೂಪಾಯಿ. ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಮಾಚೇನಹಳ್ಳಿಯಲ್ಲಿ ಸಿದ್ಧ ಉಡುಪಿನ ಉದ್ಯಮವಿದೆ. ಈ ಉದ್ಯಮದಲ್ಲಿ ಒಂದು ಕಾಲರ್ ಹೊಲಿಯಲು ಎಷ್ಟು ಸೆಕೆಂಡು ಎಂಬುದನ್ನೂ ಅಳೆದು ಬರೆದಿಡುವುದು ವಾಡಿಕೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಮನೆಯ ಜಗಲಿಯಲ್ಲಿ 20 ಗಂಟೆಗಳಿಗೆ ಲೆಕ್ಕವೇ ಇರುವುದಿಲ್ಲ.

ಲೆಕ್ಕವಿಡದೆ ಬೆಳೆದ ಉದ್ಯಮದ ಕಥೆ ದೂರದ್ದೇನಲ್ಲ. ಆಂಧ್ರಪ್ರದೇಶದ ಗೋದಾವರಿ ತೀರದ ನರಸಾಪುರಕ್ಕೆ 19ನೇ ಶತಮಾನದಲ್ಲಿ ಮಿಷನರಿಗಳು ಕ್ರೋಶಾ ಲೇಸನ್ನು ತಂದರು. ಕ್ರಮೇಣ ಅದು ರಫ್ತಿನ ಉದ್ಯಮವಾಗಿ ಬೆಳೆಯಿತು. 1982ರಲ್ಲಿ ಪ್ರಕಟವಾದ ಮರಿಯಾ ಮೀಸ್ ಅವರ ಅಧ್ಯಯನವು ಅಲ್ಲಿನ ಸ್ಥಿತಿಯನ್ನು ತೆರೆದಿಟ್ಟಿತು: ದಿನವಿಡೀ ಹೆಣೆಯುವ ಸಾವಿರಾರು ಹೆಂಗಸರನ್ನು ಕೆಲಸಗಾರರೆಂದಲ್ಲ, ಬಿಡುವಿನಲ್ಲಿ ಕೈಯಾಡಿಸುವ ಗೃಹಿಣಿಯರೆಂದೇ ಪರಿಗಣಿಸಲಾಗಿತ್ತು, ಆ ನೆಪದಲ್ಲಿಯೇ ಕೂಲಿ ತೀರ ಕೆಳಮಟ್ಟದಲ್ಲಿ ಉಳಿದಿತ್ತು. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಹೆಸರು ಬಂದಷ್ಟು ಬೇಗ ಕೂಲಿ ಬರುವುದಿಲ್ಲ.

ಈಗ ಅದೇ ಜಾಕೆಟ್ಟಿಗೆ ಗಂಟೆಗೆ 60 ರೂಪಾಯಿಯಂತೆ ಹಿಡಿಯೋಣ. ಕೂಲಿ 1,200, ಸಾಮಗ್ರಿ 260, ಒಟ್ಟು 1,460. ಅಂಗಡಿಯ ಪಾಲು ಸೇರಿ ಮಾರಾಟ ಬೆಲೆ 2,190. ಇಲ್ಲಿ ತೆರಿಗೆಯ ಒಂದು ಬದಲಾವಣೆ ಅನುಕೂಲಕ್ಕೆ ಬಂದಿದೆ. ಮೊದಲು 1,000 ರೂಪಾಯಿ ಮೀರಿದ ಉಡುಪಿಗೆ ಶೇಕಡಾ 12ರ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇಕಡಾ 5 ಮಾತ್ರ. 2,190ರ ಜಾಕೆಟ್ಟಿನ ಮೇಲೆ ತೆರಿಗೆ 262 ರೂಪಾಯಿ 80 ಪೈಸೆಯಿಂದ 109 ರೂಪಾಯಿ 50 ಪೈಸೆಗೆ ಇಳಿಯಿತು. ನ್ಯಾಯವಾದ ಕೂಲಿ ಕೊಟ್ಟ ಜಾಕೆಟ್ಟೇ ಹಿಂದೆ ಹೆಚ್ಚಿನ ತೆರಿಗೆಗೆ ಸಿಲುಕುತ್ತಿತ್ತು ಎಂಬುದು ಗಮನಾರ್ಹ. ತೆರಿಗೆ ಪಟ್ಟಿಯ 61ನೇ ಅಧ್ಯಾಯದಲ್ಲಿ ಹೆಣಿಗೆ ಮತ್ತು ಕ್ರೋಶಾ ಉಡುಪುಗಳು ಒಟ್ಟಿಗೆ ಬರುತ್ತವೆ. 86 ಸೆಂಟಿಮೀಟರ್ ಎತ್ತರದವರೆಗಿನ ಮಗುವಿನ ಉಡುಪಿಗೆ 6111 ಎಂಬ ಶೀರ್ಷಿಕೆ.

ಶಿವಮೊಗ್ಗದ ಗಿರಾಕಿ 2,190 ಕೊಡುತ್ತಾನೆಯೇ? ಎಲ್ಲರೂ ಕೊಡಲಾರರು. ನಮ್ಮ ಚಳಿಯೂ ಹೆಚ್ಚು ದಿನದ್ದಲ್ಲ. ಅಕ್ರಿಲಿಕ್ ಉಲ್ಲನ್ನಿನ ಜಾಕೆಟ್ ವರ್ಷದಲ್ಲಿ ಕೆಲವೇ ವಾರಗಳ ಉಡುಪು. ಹತ್ತಿ ನೂಲಿನದಾದರೆ ಮಳೆಗಾಲದ ತಂಪಿಗೂ ಸಲ್ಲುತ್ತದೆ, ಎಳೆಯ ಚರ್ಮಕ್ಕೂ ಹಿತ. ಬೆಲೆ ಇಳಿಸಲು ಕೂಲಿಯನ್ನು ಕತ್ತರಿಸುವ ಬದಲು ಹೆಣಿಗೆಯನ್ನೇ ಕಡಿಮೆ ಮಾಡುವ ಹಳೆಯ ಉಪಾಯವೊಂದಿದೆ. ಯೋಕ್ ಮತ್ತು ಅಂಚನ್ನು ಮಾತ್ರ ಕ್ರೋಶಾದಲ್ಲಿ ಹೆಣೆದು, ಮೈಭಾಗಕ್ಕೆ ಹತ್ತಿಯ ಬಟ್ಟೆಯನ್ನು ದರ್ಜಿಯಿಂದ ಹೊಲಿಸುವುದು. ಹೆಣಿಗೆ 7 ಗಂಟೆಗೆ ಮುಗಿದರೆ ಕೂಲಿ 420, ನೂಲು ಮತ್ತು ಬಟ್ಟೆಗೆ 200, ದರ್ಜಿಗೆ 100. ಅಂಗಡಿಯ ಪಾಲು ಸೇರಿ 1,080 ರೂಪಾಯಿ. ಗಂಟೆಯ ದರ ಅದೇ 60.

ಪೂರ್ಣ ಕ್ರೋಶಾ ಜಾಕೆಟ್ಟಿಗೆ ಬೆಂಗಳೂರಿನ ಉಡುಗೊರೆ ಅಂಗಡಿಗಳು ಮತ್ತು ಹೊರದೇಶದ ಮಾರುಕಟ್ಟೆಯೇ ಸೂಕ್ತ. ಯುರೋಪಿಗೆ ಕಳುಹಿಸುವವರು ಇಎನ್ 14682 ಎಂಬ ಸುರಕ್ಷತಾ ಮಾನದಂಡವನ್ನು ಓದಿಕೊಳ್ಳಬೇಕು. 7 ವರ್ಷದೊಳಗಿನ ಮಕ್ಕಳ ಉಡುಪಿನಲ್ಲಿ ಕುತ್ತಿಗೆಯ ಬಳಿ ಎಳೆದಾರ, ಅಲಂಕಾರದ ದಾರ ಇರುವುದನ್ನು ಅದು ಒಪ್ಪುವುದಿಲ್ಲ. ಹಳೆಯ ಮಾದರಿಯ ಅಂದವೇ ಆ ರಿಬ್ಬನ್ನಿನಲ್ಲಿದೆಯೆಂಬುದು ನಿಜವಾದರೂ ರಫ್ತಿನ ಸರಕಿಗೆ ಗುಂಡಿಯೇ ಗತಿ. ಅದೂ ಮಗು ಎಳೆದರೆ ಕಿತ್ತು ಬಾರದಂತೆ ಭದ್ರವಾಗಿ ಹೊಲಿದಿರಬೇಕು.

ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದೆ, ರಾಜ್ಯದೊಳಗೇ ಸರಕು ಮಾರುವ ಮಹಿಳೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಅವಳಿಗೆ ಬೇಕಾದದ್ದು ಒಂದು ನೋಟ್‌ಬುಕ್ಕು: ನೂಲು ಪಡೆದ ದಿನ, ತೂಕ, ಕುಳಿತ ಗಂಟೆ, ಒಪ್ಪಿಸಿದ ದಿನ. ವರ್ತಕನೂ ಆ ಪುಟಕ್ಕೆ ಸಹಿ ಹಾಕುವ ಪದ್ಧತಿ ಬಂದರೆ ದರದ ಮಾತುಕತೆ ಊಹೆಯ ಮೇಲೆ ನಡೆಯುವುದಿಲ್ಲ.

ಆರ್ಡರ್ ಕೊಡುವ ಕಾಲವನ್ನೂ ಆ ಗಂಟೆಗಳೇ ನಿರ್ಧರಿಸುತ್ತವೆ. ಐದು ಮಂದಿ ದಿನಕ್ಕೆ 3 ಗಂಟೆ ಕುಳಿತರೂ 50 ಜಾಕೆಟ್ಟುಗಳಿಗೆ 67 ದಿನ ಬೇಕು. ನಡುವೆ ಗೌರಿ ಗಣೇಶ, ನವರಾತ್ರಿ, ದೀಪಾವಳಿಗಳಲ್ಲಿ ಯಾವ ಮನೆಯಲ್ಲೂ ಕಡ್ಡಿ ಹಿಡಿಯಲು ಬಿಡುವಿರುವುದಿಲ್ಲ. ನವೆಂಬರಿನ ಚಳಿಗೆ ಸರಕು ಅಂಗಡಿಯಲ್ಲಿರಬೇಕಾದರೆ ಶ್ರಾವಣ ಕಾಲಿಡುವ ಹೊತ್ತಿಗೆ ನೂಲು ಅವರ ಮನೆ ಸೇರಿರಬೇಕು.