ವನ್ಯಜೀವಿ ಕಾನೂನಿನ ಕ್ಷೇತ್ರಶಿಕ್ಷಣ: ಕನ್ನಂಬಾಡಿಯ ಸುತ್ತಣ ತಾಲ್ಲೂಕುಗಳ ನಿದರ್ಶನ

ಕಾನೂನನ್ನು ಓದುವ ವಿದ್ಯಾರ್ಥಿಯು ಕೋರ್ಟನ್ನೂ ಕಚೇರಿಯನ್ನೂ ಕಣ್ಣಾರೆ ಕಾಣದೆ ಪದವಿ ಪಡೆಯುವುದು ಯುಕ್ತವಲ್ಲವೆಂಬುದು ಸರ್ವಸಮ್ಮತವಾದ ಮಾತು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಮೇರೆಗೆ, ಮೂರು ವರ್ಷಗಳ ವ್ಯಾಸಂಗಕ್ರಮದಲ್ಲಿ ಕನಿಷ್ಠ 12 ವಾರಗಳೂ ಐದು ವರ್ಷಗಳ ಕ್ರಮದಲ್ಲಿ 20 ವಾರಗಳೂ ಇಂತಹ ತರಬೇತಿ ನಡೆಯತಕ್ಕದ್ದು. ಯಾವ ವರ್ಷದಲ್ಲಿಯೂ ಅದು ಒಂದೇ ಸಮನೆ ನಾಲ್ಕು ವಾರಗಳನ್ನು ಮೀರಕೂಡದು. ವಕೀಲರ ಕಚೇರಿ, ನ್ಯಾಯಾಂಗ, ಸ್ವಯಂಸೇವಾ ಸಂಸ್ಥೆ, ಸ್ಥಳೀಯ ಸ್ವಯಮಾಡಳಿತ ಸಂಸ್ಥೆ ಮುಂತಾದೆಡೆಗಳಲ್ಲಿ ಇದನ್ನು ಪೂರೈಸಬಹುದು. ಅಮೆರಿಕದ ಕಾನೂನು ಶಾಲೆಗಳಲ್ಲಿ ಎಕ್ಸ್‌ಟರ್ನ್‌ಶಿಪ್ ಎಂದು ಕರೆಯುವ ಪದ್ಧತಿಯೂ ಇದಕ್ಕೆ ಸಮೀಪವಾದುದೇ. ಇದನ್ನು ನಾವಿಲ್ಲಿ ಕ್ಷೇತ್ರಶಿಕ್ಷಣವೆಂದು ಕರೆಯುತ್ತೇವೆ. ಪರಿಸರ ಮತ್ತು ವನ್ಯಜೀವಿ ಕಾನೂನಿನಲ್ಲಿ ಇಂತಹ ಶಿಕ್ಷಣಕ್ಕೆ ಅರ್ಜಿ ಬರೆಯುವ ಬಗೆ ಹೇಗೆಂಬುದೇ ಪ್ರಕೃತ ಲೇಖನದ ವಿಷಯ.

ಇಂತಹ ಅರ್ಜಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷ ಒಂದುಂಟು. ತನಗೆ ಪ್ರಾಣಿಗಳಲ್ಲಿ ಪ್ರೀತಿಯಿದೆಯೆಂದು ವಿದ್ಯಾರ್ಥಿಯು ಒಂದು ಪುಟ ಬರೆಯುತ್ತಾನೆ; ಯಾವ ನೆಲ, ಯಾವ ಕಾನೂನು, ಯಾವ ನ್ಯಾಯಾಲಯ ಎಂಬುದನ್ನು ಮಾತ್ರ ಹೇಳುವುದಿಲ್ಲ. ಪ್ರೀತಿಯು ಸ್ತುತ್ಯವಾದುದೇ, ಆದರೆ ಅದು ಅರ್ಹತೆಯಲ್ಲ. ಇನ್ನು ಗ್ರಾಮಾಂತರದಿಂದ ಬಂದ ವಿದ್ಯಾರ್ಥಿಗಳು ಈ ವಿಷಯವು ದೆಹಲಿ, ಬೆಂಗಳೂರಿನವರಿಗೆ ಸೇರಿದ್ದೆಂದು ಭಾವಿಸಿ ಅರ್ಜಿಯನ್ನೇ ಹಾಕದೆ ಉಳಿಯುತ್ತಾರೆ. ಈ ಭಾವನೆ ಸರಿಯಲ್ಲವೆಂದು ತೋರಿಸಲು ಕೃಷ್ಣರಾಜಸಾಗರದ ಸುತ್ತಣ ನಾಲ್ಕು ತಾಲ್ಲೂಕುಗಳನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ.

ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿಯೂ ಕೃಷ್ಣರಾಜಪೇಟೆಯ ಕಡೆಯ ನಾರಾಯಣದುರ್ಗದಲ್ಲಿಯೂ ಹರಡಿರುವ ವನ್ಯಜೀವಿಧಾಮವು 1974ರಿಂದ ತೋಳಕ್ಕೆ ಆಶ್ರಯವಾಗಿದೆ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 1981ರಲ್ಲಿ ನವಿಲುಧಾಮವು ಘೋಷಿತವಾಯಿತು. ಇವಲ್ಲದೆ ಬೇಬಿ ಬೆಟ್ಟದ ಕಲ್ಲುಗಣಿಗಳ ವಿವಾದವೂ ಉಂಟು. ಬಂಡೆ ಸಿಡಿಸುವುದರಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವಿದೆಯೇ ಎಂಬ ಪ್ರಶ್ನೆ ಹೈಕೋರ್ಟಿಗೆ ಹೋಗಿ, 2024ರ ಜನವರಿಯಲ್ಲಿ ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಯುವ ನಿರ್ದೇಶನ ಹೊರಬಿತ್ತು. 2021ರ ಅಣೆಕಟ್ಟು ಸುರಕ್ಷತಾ ಅಧಿನಿಯಮವು ಅಲ್ಲಿ ಚರ್ಚೆಗೆ ಬಂದಿತು.

ಈ ಸ್ಥಳಗಳಲ್ಲಿ ಏಳುವ ಪ್ರಶ್ನೆಗಳು ಒಂದೇ ಬಾಗಿಲಿಗೆ ಹೋಗುವುವಲ್ಲ. ನವಿಲನ್ನು ಕೊಂದ ಅಪರಾಧವು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಕೆಳಗೆ ಮ್ಯಾಜಿಸ್ಟ್ರೇಟರ ಮುಂದೆ ಬರುತ್ತದೆ. ಕಬ್ಬಿನ ಗದ್ದೆಯಲ್ಲಿ ಸೇರಿಕೊಂಡ ಚಿರತೆಯನ್ನು ಹಿಡಿಯಬೇಕಾದರೆ ಅದೇ ಅಧಿನಿಯಮದ 11ನೆಯ ಪ್ರಕರಣದಂತೆ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣಗಳನ್ನು ಬರೆದು ಆಜ್ಞೆ ಹೊರಡಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2010ರ ಅಧಿನಿಯಮದಿಂದ ಬಂದುದು. ಕರ್ನಾಟಕದ ದೂರುಗಳು ಚೆನ್ನೈ ಪೀಠಕ್ಕೆ ಸಲ್ಲುತ್ತವೆ. ಜಲ, ವಾಯು, ಅರಣ್ಯ, ಪರಿಸರ, ಜೀವವೈವಿಧ್ಯ ಇವುಗಳ ಅಧಿನಿಯಮಗಳು ಅದರ ಮೊದಲನೆಯ ಅನುಸೂಚಿಯಲ್ಲಿವೆ. ವನ್ಯಜೀವಿ ಅಧಿನಿಯಮ ಮಾತ್ರ ಇಲ್ಲ. ಆದುದರಿಂದ ಅಭಯಧಾಮದ ಸುತ್ತಣ ಪರಿಸರಸೂಕ್ಷ್ಮ ವಲಯದ ಉಲ್ಲಂಘನೆಯನ್ನು 1986ರ ಪರಿಸರ ಅಧಿನಿಯಮದ ವಿಷಯವಾಗಿ ಮಂಡಳಿಯ ಮುಂದಿಡಬಹುದು. ವನ್ಯಜೀವಿ ಅಧಿನಿಯಮವನ್ನೇ ಆಧರಿಸಿದ ಪ್ರಶ್ನೆಗಾದರೋ ಬಹುಮಟ್ಟಿಗೆ ಹೈಕೋರ್ಟಿನ ರಿಟ್ ಅರ್ಜಿಯೇ ದಾರಿ. ಈ ಭೇದವನ್ನು ತಿಳಿದು ಬರೆದ ಅರ್ಜಿಯನ್ನು ಓದುವ ವಕೀಲರು, ಈತನಿಗೆ ಕೆಲಸ ಒಪ್ಪಿಸಬಹುದೆಂದು ಕೂಡಲೇ ಅರಿಯುತ್ತಾರೆ.

ಆದಕಾರಣ ಅರ್ಜಿಯಲ್ಲಿ ನಾಲ್ಕು ಅಂಶಗಳು ಇರತಕ್ಕದ್ದೆಂದು ನಮ್ಮ ಅಭಿಪ್ರಾಯ. ಮೊದಲನೆಯದು, ಅಧ್ಯಯನಕ್ಕೆ ಆರಿಸಿಕೊಂಡ ಒಂದು ನಿರ್ದಿಷ್ಟ ಪ್ರಶ್ನೆ. ‘ವನ್ಯಜೀವಿ ಸಂರಕ್ಷಣೆ’ ಎಂಬುದು ಪ್ರಶ್ನೆಯಲ್ಲ. ‘ಮೇಲುಕೋಟೆಯ ಸುತ್ತ ತೋಳದಿಂದ ಕುರಿ ಕಳೆದುಕೊಂಡವನು ಪರಿಹಾರ ಕೇಳುವಾಗ ಯಾವ ಸಾಕ್ಷ್ಯ ಒದಗಿಸಬೇಕು?’ ಎಂಬುದು ಪ್ರಶ್ನೆ. ಎರಡನೆಯದು, ಅದಕ್ಕೆ ಅನ್ವಯಿಸುವ ಅಧಿನಿಯಮ ಮತ್ತು ಪ್ರಕರಣ. ಮೂರನೆಯದು, ತಾನು ಮಾಡಬಲ್ಲ ಕೆಲಸ: ತೀರ್ಪುಗಳ ಸಂಗ್ರಹ, ದಾಖಲೆಗಳ ಕಾಲಾನುಕ್ರಮಣಿ, 2005ರ ಮಾಹಿತಿ ಹಕ್ಕು ಅಧಿನಿಯಮದ ಅರ್ಜಿಗಳ ಕರಡು. ನಾಲ್ಕನೆಯದು, ವಾರಗಳ ಲೆಕ್ಕವೂ ಮೇಲ್ವಿಚಾರಕ ಅಧ್ಯಾಪಕರ ಒಪ್ಪಿಗೆಯೂ. ಇವೆಲ್ಲವೂ ಒಂದೂವರೆ ಪುಟದಲ್ಲಿ ಅಡಗಬೇಕು. ಜೊತೆಗೆ ತಾನೇ ಬರೆದ ಒಂದು ಚಿಕ್ಕ ತೀರ್ಪುವಿಮರ್ಶೆಯನ್ನು ಲಗತ್ತಿಸುವುದು ಒಳ್ಳೆಯದು.

ನಮ್ಮ ವಿದ್ಯಾರ್ಥಿಗಳು ತಮ್ಮ ಅರ್ಹತೆಗಳಲ್ಲಿ ಬರೆಯದೆ ಬಿಡುವ ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಅದು ಕನ್ನಡ. ಪಹಣಿ, ಮಹಜರು, ಗ್ರಾಮ ನಕಾಶೆ, ಗ್ರಾಮಸಭೆಯ ನಡವಳಿ, ಸಾಕ್ಷಿಯ ಹೇಳಿಕೆ ಇವೆಲ್ಲ ಕನ್ನಡದಲ್ಲಿ ಹುಟ್ಟುತ್ತವೆ. ಹೈಕೋರ್ಟಿನಲ್ಲಿ ವಾದವು ಇಂಗ್ಲಿಷಿನಲ್ಲಿ ನಡೆಯುತ್ತದೆ. ಮಹಜರಿನಲ್ಲಿ ಚಕ್ಕುಬಂದಿ ತಪ್ಪಿದ್ದರೆ ಇಂಗ್ಲಿಷಿನ ವಾದ ಎಷ್ಟು ಸೊಗಸಾಗಿದ್ದರೂ ಪ್ರಯೋಜನವಿಲ್ಲ. ಕುರಿಗಾಹಿಯ ಮಾತನ್ನು ಕೇಳಿ, ಅದನ್ನು ಕೆಡಿಸದೆ ಪ್ರಮಾಣಪತ್ರವಾಗಿ ಬರೆಯಬಲ್ಲ ಕೃಷ್ಣರಾಜಪೇಟೆಯ ವಿದ್ಯಾರ್ಥಿಯು ಯಾವ ಮಹಾನಗರದ ವಿದ್ಯಾರ್ಥಿಗೂ ಕಡಮೆಯವನಲ್ಲ.

ಕೆಲವು ಎಚ್ಚರಿಕೆಗಳೂ ಅವಶ್ಯ. 1961ರ ವಕೀಲರ ಅಧಿನಿಯಮದಂತೆ ವಕೀಲರಾಗಿ ದಾಖಲಾದವರಿಗೆ ಮಾತ್ರ ವಕೀಲಿ ವೃತ್ತಿಯ ಹಕ್ಕಿದೆ. ವಿದ್ಯಾರ್ಥಿಯು ಕಕ್ಷಿಗಾರನಿಗೆ ಸ್ವತಂತ್ರವಾಗಿ ಸಲಹೆ ಕೊಡಕೂಡದು. ಅಭಯಧಾಮದೊಳಗೆ ವನ್ಯಜೀವಿಯ ಅಧ್ಯಯನಕ್ಕೆ 28ನೆಯ ಪ್ರಕರಣದ ಪರವಾನಿಗೆ ಬೇಕು. ಮನೆಯವರಿಗೆ ಕಲ್ಲುಗಣಿಯಲ್ಲಿ ಪಾಲಿದ್ದರೆ ಅಥವಾ ಬೆಳೆನಷ್ಟದ ದಾವೆಯಿದ್ದರೆ ಅದನ್ನು ಮೊದಲೇ ತಿಳಿಸುವುದು ಧರ್ಮ. ಇನ್ನು ಕಾನೂನು ನಿಂತ ನೀರಲ್ಲ. ಪ್ರತಿಯೊಂದು ಸಂರಕ್ಷಿತ ಅರಣ್ಯಪ್ರದೇಶಕ್ಕೂ ಕನಿಷ್ಠ ಒಂದು ಕಿ.ಮೀ. ಸೂಕ್ಷ್ಮ ವಲಯವಿರಬೇಕೆಂದು ಸುಪ್ರೀಂ ಕೋರ್ಟು 2022ರ ಜೂನ್‌ನಲ್ಲಿ ಆಜ್ಞಾಪಿಸಿ, 2023ರ ಏಪ್ರಿಲ್‌ನಲ್ಲಿ ಅದನ್ನು ತಾನೇ ಮಾರ್ಪಡಿಸಿತು. ಮೊದಲನೆಯದನ್ನು ಉದ್ಧರಿಸಿ ಎರಡನೆಯದನ್ನು ಮರೆತವನ ಅರ್ಜಿಯು ಅಲ್ಲಿಯೇ ನಿಲ್ಲುತ್ತದೆ.

ಸಂವಿಧಾನದ 51ಎ ಅನುಚ್ಛೇದವು ಅರಣ್ಯ, ನದಿ, ವನ್ಯಜೀವಿಗಳ ರಕ್ಷಣೆಯನ್ನು ಪ್ರತಿಯೊಬ್ಬ ಪೌರನ ಕರ್ತವ್ಯಗಳಲ್ಲಿ ಸೇರಿಸಿದೆ. ಆ ಕರ್ತವ್ಯಕ್ಕೂ ಕುರಿ ಕಳೆದುಕೊಂಡವನ ನ್ಯಾಯಕ್ಕೂ ನಡುವೆ ಇರುವ ದಾರಿಯನ್ನು ಹುಡುಕುವುದೇ ಈ ಶಿಕ್ಷಣದ ಗುರಿ. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ದೂರದ ಸಂಸ್ಥೆಗಳಿಗೆ ಅರ್ಜಿ ಬರೆಸುವುದಕ್ಕೆ ಮುಂಚೆ, ಅವರವರ ತಾಲ್ಲೂಕಿನ ಒಂದು ಪ್ರಶ್ನೆಯನ್ನು ಆರಿಸಿ ಬರೆಸಿದರೆ ಈ ಶಿಕ್ಷಣದ ಅರ್ಧ ಭಾಗ ಅಲ್ಲಿಯೇ ನಡೆದಂತಾಗುವುದೆಂದು ನಾವು ನಂಬಿದ್ದೇವೆ.