ಮಳೆಗಾಲದಲ್ಲಿ ಕ್ಲೌಡ್ ಪ್ರಿಂಟರಿನ ತೊಡಕುಗಳು

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ತಮ್ಮ ಕಚೇರಿಯ ಕಂಪ್ಯೂಟರಿಗೆ ಕ್ಲೌಡ್ ಪ್ರಿಂಟರನ್ನು ಜೋಡಿಸಿಕೊಂಡಿರುವ ಗ್ರಾಮ ಮುಖ್ಯಸ್ಥರೂ ಜಮೀನುದಾರರೂ ಅಲ್ಲಲ್ಲಿ ಉಂಟು. ಇಲ್ಲಿ ಕ್ಲೌಡ್ ಎಂದರೆ ಆಗುಂಬೆಯ ಮೋಡವಲ್ಲ. ಕಾಗದದ ಪ್ರತಿಯು ತಂತಿಯ ಮೂಲಕ ನೇರವಾಗಿ ಯಂತ್ರಕ್ಕೆ ಹೋಗದೆ, ಇಂಟರ್ನೆಟ್ಟಿನ ಮೂಲಕ ದೂರದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಮರಳಿ ನಮ್ಮ ಯಂತ್ರಕ್ಕೆ ಬರುವ ಏರ್ಪಾಡಿಗೆ ಈ ಹೆಸರು. ಮೈಕ್ರೋಸಾಫ್ಟಿನವರ ಯೂನಿವರ್ಸಲ್ ಪ್ರಿಂಟ್ ಇಂತಹುದೇ.

ಕಳೆದ ಆಷಾಢದಲ್ಲಿ ನಾನು ತನಿಖೆಗೆ ಹೋಗಿದ್ದ ಒಂದು ಕಚೇರಿಯಲ್ಲಿ ಅಡಿಕೆಯ ಬೆಳೆ ವಿಮೆಯ ಅರ್ಜಿಗಾಗಿ ರೈತರು ಕಾದು ಕುಳಿತಿದ್ದರು. ಪ್ರಿಂಟರಿನ ದೀಪ ಉರಿಯುತ್ತಿತ್ತು, ಕಾಗದವೂ ಇತ್ತು. ಆದರೂ ಕಂಪ್ಯೂಟರು ಅದನ್ನು ‘ಆಫ್‌ಲೈನ್’ ಎಂದೇ ತೋರಿಸುತ್ತಿತ್ತು. ಗುಮಾಸ್ತರು ಮೂರು ಸಲ ಅದನ್ನು ತೆಗೆದು ಪುನಃ ಸೇರಿಸಿದ್ದರು. ಅಷ್ಟರಲ್ಲಿ ಮಧ್ಯಾಹ್ನದ ಬಸ್ಸು ಬಂದು, ಇಬ್ಬರು ಅರ್ಜಿಯಿಲ್ಲದೆಯೇ ಹಿಂತಿರುಗಿದರು. ಅರ್ಜಿಯ ಅವಧಿಗೆ ಉಳಿದಿದ್ದುದು ಎರಡೇ ದಿನ.

ಕಾರಣವು ಪಕ್ಕದ ಕೋಣೆಯಲ್ಲಿತ್ತು. ಹಳೆಯ ಪ್ರಿಂಟರುಗಳು ತಾವಾಗಿಯೇ ಕ್ಲೌಡಿನೊಡನೆ ವ್ಯವಹರಿಸಲಾರವು. ಕನೆಕ್ಟರ್ ಎಂಬ ಮಧ್ಯವರ್ತಿ ತಂತ್ರಾಂಶವನ್ನು ಬೇರೊಂದು ಕಂಪ್ಯೂಟರಿನಲ್ಲಿ ಇರಿಸಿರುತ್ತಾರೆ. ಆ ಕಂಪ್ಯೂಟರು ಸದಾ ಚಾಲನೆಯಲ್ಲಿರತಕ್ಕದ್ದು. ಬೆಳಿಗ್ಗೆ ವಿದ್ಯುತ್ತು ಹೋದಾಗ ಅದು ನಿಂತಿತ್ತು, ಮತ್ತೆ ಯಾರೂ ಹಚ್ಚಿರಲಿಲ್ಲ. ಹಚ್ಚಿದ ಸ್ವಲ್ಪ ಹೊತ್ತಿಗೆ ಅರ್ಜಿಗಳು ಹೊರಬಂದವು. ಆದುದರಿಂದ ಈ ಕಂಪ್ಯೂಟರು ನಿದ್ರಾವಸ್ಥೆಗೆ ಹೋಗದಂತೆ ಹೊಂದಿಸಿ, ಅದನ್ನೂ ಇಂಟರ್ನೆಟ್ಟಿನ ರೌಟರನ್ನೂ ಯು.ಪಿ.ಎಸ್.ಗೆ ಸೇರಿಸುವುದು ಲೇಸು. ಲೇಸರ್ ಪ್ರಿಂಟರನ್ನು ಮಾತ್ರ ಸಣ್ಣ ಯು.ಪಿ.ಎಸ್.ಗೆ ಸೇರಿಸಬಾರದು, ಅದು ಬಿಸಿಯಾಗುವಾಗ ಎಳೆಯುವ ವಿದ್ಯುತ್ತು ಬಹಳ.

ಹೊಸದಾಗಿ ಸೇರಿಸುವಾಗ ಪ್ರಿಂಟರಿನ ಹೆಸರೇ ಪಟ್ಟಿಯಲ್ಲಿ ಕಾಣದಿದ್ದರೆ ಯಂತ್ರವನ್ನು ದೂರುವುದು ವ್ಯರ್ಥ. ಕಂಪ್ಯೂಟರಿನಲ್ಲಿ ಮನೆಯ ಖಾತೆಯನ್ನಲ್ಲದೆ ಕಚೇರಿಯ ಖಾತೆಯನ್ನು ತೆರೆಯಲಾಗಿದೆಯೇ ಎಂದು ಮೊದಲು ನೋಡತಕ್ಕದ್ದು. ಪ್ರಿಂಟರನ್ನು ನೋಂದಾಯಿಸಿದ ಮಾತ್ರಕ್ಕೆ ಸಾಲದು. ಆ ಖಾತೆಗೆ ಬಳಕೆಯ ಅನುಮತಿಯನ್ನೂ ಮೇಲ್ವಿಚಾರಕರು ಕೊಟ್ಟಿರಬೇಕು. ಈ ಎರಡನೆಯದು ಮರೆತುಹೋಗಿರುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಗೂಗಲ್ ಕ್ಲೌಡ್ ಪ್ರಿಂಟಿನ ಕಾಲದಲ್ಲಿ ಜೋಡಿಸಿದ ಏರ್ಪಾಡಾದರೆ ಎಷ್ಟು ಪ್ರಯತ್ನಿಸಿದರೂ ಫಲವಿಲ್ಲ; ಆ ಸೇವೆಯು 2020ನೆಯ ಇಸವಿ ಡಿಸೆಂಬರ್ 31ಕ್ಕೆ ನಿಂತುಹೋಯಿತು.

ಕಂಪ್ಯೂಟರಿನ ಗಡಿಯಾರವನ್ನೂ ನೋಡಬೇಕು. ಒಳಗಿನ ಗುಂಡಿಯಾಕಾರದ ಬ್ಯಾಟರಿಯು ಸತ್ತಿದ್ದರೆ, ವಿದ್ಯುತ್ತು ಹೋಗಿ ಬಂದಾಗ ದಿನಾಂಕವು ಹಿಂದಿನ ಯಾವುದೋ ವರ್ಷಕ್ಕೆ ಜಾರುತ್ತದೆ. ದಿನಾಂಕ ತಪ್ಪಿದರೆ ಖಾತೆ ತೆರೆಯದು. ಬ್ಯಾಟರಿಯ ಬೆಲೆ ಅಲ್ಪ.

ಹೆಸರು ಕಂಡರೂ ಪ್ರತಿಗಳು ಸಾಲಿನಲ್ಲಿಯೇ ನಿಂತಿದ್ದರೆ, ಅವುಗಳನ್ನು ಅಳಿಸಿ, ವಿಂಡೋಸಿನ ‘ಸರ್ವಿಸಸ್’ ಭಾಗದಲ್ಲಿ ‘ಪ್ರಿಂಟ್ ಸ್ಪೂಲರ್’ ಎಂಬುದನ್ನು ನಿಲ್ಲಿಸಿ ಪುನಃ ಆರಂಭಿಸತಕ್ಕದ್ದು. ಕಾಗದವು ಸಿಕ್ಕಿಕೊಳ್ಳುತ್ತಿದ್ದರೆ ಅದು ಕ್ಲೌಡಿನ ದೋಷವಲ್ಲ, ನಮ್ಮ ಸೀಮೆಯ ತೇವದ ದೋಷ. ಒಡೆದ ಕಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ಇಂಟರ್ನೆಟ್ಟೇ ಕಡಿದ ದಿನ ಇವಾವುದೂ ನಡೆಯದು. ಅದಕ್ಕಾಗಿ ಒಂದು ಯು.ಎಸ್.ಬಿ. ತಂತಿಯನ್ನು ಪ್ರಿಂಟರಿನ ಬಳಿಯಲ್ಲಿಯೇ ಇರಿಸಿ, ಮೃಗಶಿರಾ ಮಳೆ ಹಿಡಿಯುವ ಮುಂಚೆ ಅದರ ಮೂಲಕ ಒಂದು ಹಾಳೆಯನ್ನು ಮುದ್ರಿಸಿ ನೋಡತಕ್ಕದ್ದು.